ವೈಫೈ ಪಾಸ್‌ವರ್ಡ್ ಬದಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ವೈಫೈ ಪಾಸ್‌ವರ್ಡನ್ನು ಗಟ್ಟಿಯಾಗಿಡಿ, ಕಂಡವರಿಗೆಲ್ಲ ಕೊಡಬೇಡಿ ಎಂಬ ಎಚ್ಚರಿಕೆಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅದು ಸರಿಯೇ. ಆದರೆ ವೈಫೈ ಹೊಮ್ಮಿಸುವ ಪೆಟ್ಟಿಗೆಗೆ, ಎಂದರೆ ಆಕ್ಸೆಸ್ ಪಾಯಿಂಟಿಗೆ, ಎರಡನೆಯದೊಂದು ಪಾಸ್‌ವರ್ಡ್ ಇರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಮೊದಲನೆಯದು ನೆಟ್‌ವರ್ಕಿನೊಳಗೆ ಬರುವುದಕ್ಕೆ, ಎರಡನೆಯದು ಆ ನೆಟ್‌ವರ್ಕಿನ ಕಟ್ಟಳೆಗಳನ್ನೇ ತಿದ್ದುವುದಕ್ಕೆ. ಈ ಎರಡನೆಯದನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟುಬಿಡುವ ರೂಢಿಯ ಬಗ್ಗೆ ಈ ಪತ್ರ.

ಸಣ್ಣ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ವೃತ್ತಿ. ಇತ್ತೀಚೆಗೆ ಒಂದು ಕಚೇರಿಯವರು, ಹೊಸ ಆಕ್ಸೆಸ್ ಪಾಯಿಂಟ್ ಹಾಕಿಸಿದ ದಿನದಿಂದ ಇಂಟರ್ನೆಟ್ ಬಂದು ಬಂದು ಹೋಗುತ್ತಿದೆ ಎಂದು ಕರೆಸಿದರು. ವೈಫೈ ಪಾಸ್‌ವರ್ಡ್ ಎಷ್ಟು ಉದ್ದವಿತ್ತೆಂದರೆ ಅದನ್ನು ತಪ್ಪಿಲ್ಲದೆ ಒತ್ತಲು ನನಗೆ ಮೂರು ಸಲ ಬೇಕಾಯಿತು. ಬಳಿಕ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರವಾಗಿ ಆಕ್ಸೆಸ್ ಪಾಯಿಂಟಿಗೆ ಜೋಡಿಸಿ, ಅದರ ಸೆಟ್ಟಿಂಗುಗಳನ್ನು ತಿದ್ದುವ ಆಡಳಿತ ಪುಟವನ್ನು ಬ್ರೌಸರಿನಲ್ಲಿ ತೆರೆದು, ಬಳಕೆದಾರರ ಹೆಸರಿಗೂ ಪಾಸ್‌ವರ್ಡಿಗೂ 'ಅಡ್ಮಿನ್' ಎಂದೇ ಕೊಟ್ಟೆ. ಮೊದಲ ಯತ್ನದಲ್ಲೇ ಒಳಗಿದ್ದೆ. ಯಾರು ಯಾವಾಗ ಏನು ಬದಲಿಸಿದರು ಎಂದು ನೋಡಲು, ಸಾಧನ ತಾನೇ ಬರೆದಿಡುವ ದಾಖಲೆಯಾದ ಲಾಗ್ ತೆರೆದರೆ, ಅಲ್ಲಿದ್ದ ನಮೂದುಗಳೆಲ್ಲ 1970ರ ಜನವರಿಯವು! ಇಂಥ ಸಾಧನಗಳಲ್ಲಿ ಬಹುತೇಕವುಗಳಿಗೆ ತಮ್ಮದೇ ಬ್ಯಾಟರಿಯುಳ್ಳ ಗಡಿಯಾರ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಅವು ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕಾಲಗಣನೆಯ ಆರಂಭಬಿಂದುವಾದ 1970ರ ಜನವರಿ 1ರಿಂದ ಎಣಿಸತೊಡಗುತ್ತವೆ. ಎನ್‌ಟಿಪಿ ಸರ್ವರ್ (ನೆಟ್‌ವರ್ಕಿನ ಮೂಲಕ ಸರಿಯಾದ ವೇಳೆ ತಿಳಿಸುವ ಕಂಪ್ಯೂಟರ್) ಮತ್ತು ಸಮಯವಲಯ ಎಂಬ ಎರಡು ಖಾನೆಗಳನ್ನು ತುಂಬಿದ್ದರೆ ಸರಿಯಾದ ವೇಳೆ ತಾನಾಗಿಯೇ ಬಂದಿರುತ್ತಿತ್ತು. ತೊಂದರೆ ಯಾವತ್ತು ಶುರುವಾಯಿತೆಂದು ತಿಳಿಯಬೇಕಾದಾಗ ಅಂಥ ಲಾಗಿನಿಂದ ಏನೂ ಪ್ರಯೋಜನವಿಲ್ಲ.

ಇಂಟರ್ನೆಟ್ ನಿಲ್ಲುತ್ತಿದ್ದ ಕಾರಣ ಇನ್ನೂ ಸರಳವಾಗಿತ್ತು. ಆ ಆಕ್ಸೆಸ್ ಪಾಯಿಂಟ್ ಕಾರ್ಖಾನೆಯಿಂದ ಬರುವಾಗಲೇ 192.168.1.1 ಎಂಬ ವಿಳಾಸ ಹೊತ್ತು ಬಂದಿತ್ತು; ಕಚೇರಿಯ ಮುಖ್ಯ ರೌಟರಿನ ವಿಳಾಸವೂ ಅದೇ. ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದರೆ ಅಂಚೆಯವನು ಏನು ಮಾಡಿಯಾನು? ಫೋನುಗಳು ಹೊರಗೆ ಹೋಗುವ ದಾರಿಯನ್ನು ಕೇಳಿದಾಗ ಒಮ್ಮೆ ರೌಟರು ಓಗೊಡುತ್ತಿತ್ತು, ಒಮ್ಮೆ ಈ ಪೆಟ್ಟಿಗೆ ಓಗೊಡುತ್ತಿತ್ತು. ಸಾಲದ್ದಕ್ಕೆ ಎರಡೂ ಕಡೆ ಡಿಎಚ್‌ಸಿಪಿ ಚಾಲೂ ಇತ್ತು, ಎಂದರೆ ಹೊಸದಾಗಿ ಬಂದ ಸಾಧನಗಳಿಗೆ ವಿಳಾಸ ಹಂಚುವ ಕೆಲಸಕ್ಕೆ ಇಬ್ಬರು ಯಜಮಾನರು. ಆಕ್ಸೆಸ್ ಪಾಯಿಂಟಿನ ಡಿಎಚ್‌ಸಿಪಿ ನಿಲ್ಲಿಸಿ, ಅದಕ್ಕೆ 192.168.1.2 ಎಂಬ ಸ್ಥಿರ ವಿಳಾಸ, ಯಾವ ವಿಳಾಸಗಳು ಒಂದೇ ನೆಟ್‌ವರ್ಕಿನವು ಎಂದು ತಿಳಿಸುವ ಸಬ್‌ನೆಟ್ ಮಾಸ್ಕ್ ಆಗಿ 255.255.255.0, ಹೊರಗೆ ಹೋಗುವ ದಾರಿಯಾದ ಗೇಟ್‌ವೇ ಆಗಿ ರೌಟರಿನ ವಿಳಾಸ ಕೊಟ್ಟು, ರೌಟರು ಹಂಚುವ ವಿಳಾಸಗಳ ಸಾಲಿನಲ್ಲಿ ಈ ಹೊಸ ಸಂಖ್ಯೆ ಇಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ ಎಲ್ಲವೂ ಸುಸೂತ್ರವಾಯಿತು.

ಇಲ್ಲಿ ಅನೇಕರು ಎಡವುವ ಒಂದು ಜಾಗವನ್ನು ಹೇಳಲೇಬೇಕು. ವಿಳಾಸ ಬದಲಿಸಿ 'ಸೇವ್' ಒತ್ತಿದ ಕೂಡಲೇ ಬ್ರೌಸರಿನ ಪುಟ ಸುತ್ತುತ್ತಲೇ ಇರುತ್ತದೆ, ಮತ್ತೆ ತೆರೆದುಕೊಳ್ಳುವುದಿಲ್ಲ. ಸಾಧನ ಕೆಟ್ಟಿತೆಂದು ಹೆದರಿ ಎಷ್ಟೋ ಮಂದಿ ಹಿಂಬದಿಯ ಪುಟ್ಟ ತೂತಿಗೆ ಪಿನ್ನು ತೂರಿಸಿ ರೀಸೆಟ್ ಮಾಡಿಬಿಡುತ್ತಾರೆ. ಮಾಡಿದ ಕೆಲಸವೆಲ್ಲ ಅಳಿಸಿ 'ಅಡ್ಮಿನ್' ಮರಳುತ್ತದೆ. ಕೆಟ್ಟಿರುವುದಿಲ್ಲ, ವಿಳಾಸ ಬದಲಾಗಿರುತ್ತದೆ ಅಷ್ಟೇ. ಹೊಸ ವಿಳಾಸವನ್ನು ಒತ್ತಿದರೆ ಪುಟ ಬರುತ್ತದೆ.

ಮನೆಯ ಅಥವಾ ಕಚೇರಿಯ ಒಳಗಿನವರಷ್ಟೇ ತಲುಪಬಹುದಾದ ಪುಟಕ್ಕೆ ಇಷ್ಟು ಕಾವಲೇಕೆ ಎಂದು ಕೇಳುವವರಿದ್ದಾರೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯಿಂದ ಬರುವ 60ಕ್ಕೂ ಹೆಚ್ಚು ಬಳಕೆದಾರ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿಯನ್ನಷ್ಟೇ ಹಿಡಿದು, ಹೊರಗಿನಿಂದ ತಲುಪುವಂತಿದ್ದ ಕ್ಯಾಮೆರಾ, ರೌಟರುಗಳನ್ನು ಜಗತ್ತಿನಾದ್ಯಂತ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ಮೂಲಕ ತಾಣಗಳ ಹೆಸರಿಗೆ ತಕ್ಕ ಸಂಖ್ಯಾ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆ ನೀಡುತ್ತಿದ್ದ ಡೈನ್ ಎಂಬ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಹಲವರಿಗೆ ತೆರೆಯಲೇ ಇಲ್ಲ. ಒಳಗಿನಿಂದ ಬರುವ ಅಪಾಯ ಇಷ್ಟು ಸದ್ದು ಮಾಡುವುದಿಲ್ಲ. ಅತಿಥಿಯೆಂದು ವೈಫೈ ಪಡೆದ ಯಾರೇ ಆಗಲಿ ಆಡಳಿತ ಪುಟಕ್ಕೆ ನುಗ್ಗಿ ಡಿಎನ್‌ಎಸ್ ಸರ್ವರಿನ ವಿಳಾಸ ತಿದ್ದಿದರೆ, ನೀವು ಸರಿಯಾದ ಹೆಸರನ್ನೇ ಒತ್ತಿದರೂ ಬೇರೆಯವರ ಪುಟಕ್ಕೆ ಹೋಗಿ ನಿಲ್ಲುವ ಸಂಭವವಿದೆ.

ಆದ್ದರಿಂದ ಆಡಳಿತ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು, ಅದು ವೈಫೈ ಪಾಸ್‌ವರ್ಡೇ ಆಗಿರಬಾರದು. ಹೊರಗಿನಿಂದ ಸಾಧನವನ್ನು ನಿಯಂತ್ರಿಸುವ ಸೌಲಭ್ಯ ಬೇಡವಾದಲ್ಲಿ ಮುಚ್ಚಬೇಕು, ಪಾಸ್‌ವರ್ಡನ್ನೂ ಗುಟ್ಟಾಗಿಡದೆ ಸಾಗಿಸುವ ಟೆಲ್‌ನೆಟ್ ಎಂಬ ಹಳೆಯ ನಿಯಂತ್ರಣ ವಿಧಾನ ಇದ್ದರೆ ಅದನ್ನೂ. ಆಡಳಿತ ಪುಟವನ್ನು ಎಚ್‌ಟಿಟಿಪಿಎಸ್ ಎಂಬ ಗುಪ್ತಲಿಪಿಯ ಸಂಪರ್ಕದ ಮೂಲಕವೇ ತೆರೆಯುವಂತೆ ಮಾಡಿದರೆ ಬ್ರೌಸರು, ತಾಣದ ಗುರುತನ್ನು ಸಾರುವ ಪ್ರಮಾಣಪತ್ರದ ಬಗ್ಗೆ ಎಚ್ಚರಿಸಬಹುದು. ಸಾಧನ ತನಗೆ ತಾನೇ ಸಹಿ ಹಾಕಿಕೊಂಡ ಪತ್ರ ಅದಾದ್ದರಿಂದ ಹೀಗಾಗುತ್ತದೆ. ನಿಮ್ಮದೇ ನೆಟ್‌ವರ್ಕಿನಲ್ಲಿ, ನೀವೇ ಒತ್ತಿದ ವಿಳಾಸಕ್ಕೆ ಬಂದ ಆ ಎಚ್ಚರಿಕೆಗೆ ಗಾಬರಿಯಾಗಬೇಕಿಲ್ಲ, ಆದರೆ ಬೇರೆ ತಾಣಗಳಲ್ಲಿ ಅದನ್ನೇ ಅಭ್ಯಾಸ ಮಾಡಿಕೊಳ್ಳಬಾರದು. ಇನ್ನು ವೈಫೈ ಹೆಸರನ್ನು ಮರೆಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಹುಡುಕುವವರಿಗೆ ಅದು ಹೇಗೂ ಸಿಗುತ್ತದೆ, ಪರದಾಡುವವರು ಮನೆಯವರೇ.

ಬದಲಿಸಿದ ಪಾಸ್‌ವರ್ಡ್ ಮರೆತರೇನು ಗತಿ ಎಂಬ ಅಳುಕು ನ್ಯಾಯವಾದದ್ದೇ. ಕಾಗದದಲ್ಲಿ ಬರೆದಿಡಬೇಡಿ ಎಂದು ಉಪದೇಶಿಸುವವರ ಮಾತನ್ನು ಇಲ್ಲಿ ನಾನು ಒಪ್ಪುವುದಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಾಗದವನ್ನು ಕದಿಯಲು ಕಳ್ಳ ಮನೆಗೇ ಬರಬೇಕು; 'ಅಡ್ಮಿನ್' ಎಂಬುದನ್ನು ಊಹಿಸಲು ಎಲ್ಲಿಗೂ ಬರಬೇಕಿಲ್ಲ. ಸೆಟ್ಟಿಂಗುಗಳನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಳ್ಳುವ ಅನುಕೂಲವೂ ಇರುತ್ತದೆ. ಆ ಫೈಲಿನಲ್ಲಿ ಪಾಸ್‌ವರ್ಡುಗಳೂ ಸೇರಿರಬಹುದಾದ್ದರಿಂದ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದೆಂದು ಹೇಳಬೇಕಾಗಿ ಬಂದಿರುವುದು ನನ್ನ ಅನುಭವ.

ಇದರಲ್ಲಿ ಬಳಕೆದಾರರ ತಪ್ಪು ಕಡಿಮೆ ಎಂದೇ ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ನಿಯಮಗಳು ಹೊರೆಯನ್ನು ತಯಾರಕರ ಮೇಲೆ ಹೊರಿಸಿವೆ: ಎಲ್ಲ ಪೆಟ್ಟಿಗೆಗಳಿಗೂ ಒಂದೇ ಪಾಸ್‌ವರ್ಡ್ ಇರಕೂಡದು, ಪ್ರತಿಯೊಂದಕ್ಕೂ ಬೇರೆ ಇರಬೇಕು ಅಥವಾ ಮೊದಲ ಬಳಕೆಯಲ್ಲೇ ಬಳಕೆದಾರರಿಂದ ಹೊಸದನ್ನು ಪಡೆಯಬೇಕು. ಇದು ಎಲ್ಲೆಡೆಯೂ ಬರಲಿ. ಅಲ್ಲಿಯವರೆಗೆ ಜೋಡಣೆಗೆ ಬರುವ ನಮ್ಮ ವೃತ್ತಿಯವರು, ಫೋನಿನಲ್ಲಿ ವಿಡಿಯೊ ಓಡಿದ್ದನ್ನು ತೋರಿಸಿ ಹೊರಡುವ ಬದಲು, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಳಿತ ಪುಟ ತೆರೆದು, ಹೊಸ ಪಾಸ್‌ವರ್ಡನ್ನು ಅವರ ಕೈಯಿಂದಲೇ ಒತ್ತಿಸಿ, ಸಾಧನದ ವಿಳಾಸವನ್ನು ಬರೆದುಕೊಟ್ಟು ಬರಲಿ. ಹಾಕಿಸಿಕೊಳ್ಳುವವರೂ ಇದನ್ನು ಕೇಳಿ ಪಡೆಯಲಿ. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಕೆಲಸವಲ್ಲ.

ಇತಿ,
ಒಬ್ಬ ನೆಟ್‌ವರ್ಕ್ ತಂತ್ರಜ್ಞ