ಖಾಲಿ ಚೌಕಗಳು ಅಕ್ಷರಗಳಾದ ಸಂಜೆ

ಜಪಾನಿ ಭಾಷೆಯಿಂದ ಮಾಡುತ್ತಿದ್ದ ಅನುವಾದವನ್ನು ಒಪ್ಪಿಸಲು ಒಂದೇ ದಿನ ಉಳಿದಿದ್ದಾಗ ನನ್ನ ಕಂಪ್ಯೂಟರ್ ಕೆಟ್ಟಿತು. ಕೈಗೆ ಸಿಕ್ಕ ವಿಂಡೋಸ್ ಎಕ್ಸ್‌ಪಿಯ ಹಳೆಯ ಯಂತ್ರದಲ್ಲಿ ಮೂಲ ಕಡತವನ್ನು ತೆರೆದರೆ ಸಾಲುಸಾಲಾಗಿ ಖಾಲಿ ಚೌಕಗಳಷ್ಟೇ ಕಂಡವು. ಕಡತವೇ ಹಾಳಾಯಿತೆಂದು ಕಂಗೆಟ್ಟು ಕುಳಿತಿದ್ದ ನನ್ನನ್ನು ಗಮನಿಸಿದ, ಬೇರೊಂದು ಯಂತ್ರದ ರಿಪೇರಿಗೆ ಬಂದಿದ್ದ ತಂತ್ರಜ್ಞರೊಬ್ಬರು, “ಕಡತಕ್ಕೆ ಏನೂ ಆಗಿಲ್ಲ, ಅದನ್ನು ತೋರಿಸುವ ಫಾಂಟ್ ಇದರಲ್ಲಿಲ್ಲ ಅಷ್ಟೆ” ಎಂದರು. ಆ ಒಂದು ಮಾತಿಗೇ ಎದೆ ಹಗುರಾಯಿತು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ಪುಟವನ್ನು ತೆರೆದು, ಅಲ್ಲಿರುವ ಎರಡು ಆಯ್ಕೆಗಳಲ್ಲಿ ಮೇಲಿನದು ನಮ್ಮ ಕನ್ನಡದಂತಹ ಸಂಕೀರ್ಣ ಲಿಪಿಗಳಿಗೆ, ಕೆಳಗಿನದು ಚೀನೀ, ಜಪಾನಿ, ಕೊರಿಯನ್ ಭಾಷೆಗಳಿಗೆ ಎಂದು ಬೆರಳಿಟ್ಟು ತೋರಿಸಿದರು. ಸಾವಿರಾರು ಅಕ್ಷರಗಳುಳ್ಳ ಫಾಂಟ್‌ಗಳಾದ್ದರಿಂದ ಎರಡನೆಯದಕ್ಕೆ ಸುಮಾರು 230 ಎಂಬಿ ಜಾಗ ಬೇಕು; ಗುರುತು ಹಾಕುವ ಮೊದಲೇ ಡಿಸ್ಕ್‌ನಲ್ಲಿ ಅಷ್ಟು ಜಾಗವಿದೆಯೇ ಎಂದು ಅವರು ನೋಡಿಕೊಂಡರು. ಯಂತ್ರವು ವಿಂಡೋಸ್ ಸಿಡಿಯನ್ನು ಕೇಳಿದಾಗ, ಕಪಾಟಿನಲ್ಲಿ ಧೂಳು ಹಿಡಿದಿದ್ದ ಸಿಡಿಯನ್ನು ತಮ್ಮ ಕರವಸ್ತ್ರದಿಂದ ಮೆಲ್ಲಗೆ ಒರೆಸಿ ಹಾಕಿದರು.

ಯಂತ್ರ ಮತ್ತೆ ಆರಂಭವಾಗುವವರೆಗೂ ಅವರು ಹೋಗದೆ ಪಕ್ಕದಲ್ಲೇ ನಿಂತಿದ್ದರು. ಚೌಕಗಳಿದ್ದಲ್ಲಿ ಜಪಾನಿ ಲಿಪಿಗಳಾದ ಹಿರಗಾನ, ಕಾಂಜಿ ಮೂಡಿದವು. ಒಂದು ಕಡತ ಮಾತ್ರ ಇನ್ನೂ ಕಲಸಿಕೊಂಡೇ ಇತ್ತು. ಅದರ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಪದ್ಧತಿ, ಎಲ್ಲ ಭಾಷೆಗಳಿಗೂ ಬಳಸುವ ಯೂನಿಕೋಡ್ ಅಲ್ಲ, ಜಪಾನಿಗಾಗಿ ಇರುವ ಹಳೆಯ ಶಿಫ್ಟ್ ಜೆಐಎಸ್ ಎಂದು ಗುರುತಿಸಿ, ಬ್ರೌಸರ್‌ನಲ್ಲಿ ತೆರೆದು ಎನ್‌ಕೋಡಿಂಗ್ ಬದಲಿಸುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹೆಸರು ಕೇಳಲು ನನಗೆ ಹೊಳೆಯಲಿಲ್ಲ.

ಅನುವಾದವು ಹೇಳಿದ ದಿನಕ್ಕೇ ತಲುಪಿತು. ಮಹನೀಯರೇ, ನಿಮಗೆ ಹೃತ್ಪೂರ್ವಕ ಧನ್ಯವಾದಗಳು. ಆ ಚೀಟಿ ಈಗಲೂ ನನ್ನ ನಿಘಂಟಿನೊಳಗಿದೆ.