ಗೆಳೆಯಾ, ಆ ಹಾಡನ್ನು ಕೊನೆಯವರೆಗೂ ಕೇಳು

ಪ್ರೀತಿಯ ಗೆಳೆಯಾ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಸುತ್ತುತ್ತಿದೆ. "ಈಗೀಗ ಒಳ್ಳೆ ಹಾಡೇ ಬರ್ತಿಲ್ಲ. ನಿನಗೆ ಮಾತ್ರ ಅದೆಲ್ಲಿ ಸಿಗುತ್ತೆ?" ಎಂದೆ. ಆಗ ನಾನು ಏನೋ ಒಂದು ಉತ್ತರ ಕೊಟ್ಟೆ. ಫೋನ್ ಇಟ್ಟ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಪತ್ರ ನಿನಗೇ, ಆದರೆ ಇದೇ ಪ್ರಶ್ನೆ ಇನ್ನೂ ಹಲವರು ಕೇಳಿದ್ದಾರೆ, ಅವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಒಂದು ಹಾಡಿನ ವಿಷಯ ಹೇಳಿಬಿಡುತ್ತೇನೆ.

ಎರಡು ತಿಂಗಳ ಹಿಂದೆ, ಒಂದು ರಾತ್ರಿ. ನನಗೆ ಇಷ್ಟವಾದ ಒಂದು ಆಲ್ಬಮ್‌ನ ಕ್ರೆಡಿಟ್ಸ್ ಓದುತ್ತಿದ್ದೆ. ಯಾರು ಏನು ನುಡಿಸಿದರು, ಮಿಕ್ಸ್ ಯಾರದು, ಮಾಸ್ಟರಿಂಗ್ ಯಾರದು ಎಂಬ ಸಣ್ಣ ಅಕ್ಷರದ ಪಟ್ಟಿ. ಎರಡು ಹಾಡಿಗೆ ಮಾತ್ರ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸಿದವರ ಹೆಸರು ಅದರಲ್ಲಿತ್ತು. ಆ ಹೆಸರನ್ನು ಹುಡುಕಿದೆ. ಅವರು ಬೇರೆ ಯಾರದೋ ನಾಲ್ಕು ಹಾಡಿನ ಒಂದು ಪುಟ್ಟ ಆಲ್ಬಮ್‌ಗೂ (ಇಪಿ ಅಂತಾರೆ) ನುಡಿಸಿದ್ದರು. ಅದರ ಕವರ್ ಮೇಲೆ ಕೈಯಲ್ಲಿ ಬಿಡಿಸಿದ ಒಂದು ಕಿಟಕಿ, ಅಷ್ಟೇ. ಮೂರನೇ ಹಾಡು ಹಾಕಿದೆ. ಒಂದು ಗಿಟಾರ್, ಒಂದು ದನಿ, ಹಿಂದೆಲ್ಲೋ ಆ ಚೆಲ್ಲೊ. 2 ನಿಮಿಷ 40 ಸೆಕೆಂಡಿಗೆ ಹಾಡುವವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಆಗ ಕುರ್ಚಿ ಕಿರ್ ಎನ್ನುತ್ತದೆ. ಆ ಸದ್ದನ್ನು ಅವರು ತೆಗೆದಿಲ್ಲ, ಹಾಗೇ ಬಿಟ್ಟಿದ್ದಾರೆ. ಆಮೇಲೆ ಬರುವ ಸಾಲಿನಲ್ಲಿ ದನಿ ಒಂದು ಮೆಟ್ಟಿಲು ಕೆಳಗಿಳಿದಿರುತ್ತದೆ. ಅಲ್ಲಿಯವರೆಗೆ ಎಲ್ಲರಿಗೂ ಹಾಡುತ್ತಿದ್ದವರು ಅಲ್ಲಿಂದ ಮುಂದೆ ಒಬ್ಬರಿಗೇ ಹಾಡುತ್ತಿದ್ದಾರೆ ಅನಿಸಿತು. ಮತ್ತೆ ಹಾಕಿದೆ. ಮತ್ತೆ. ಆ ಪುಟದಲ್ಲಿ ಎಷ್ಟು ಸಲ ಕೇಳಲಾಗಿದೆ ಎಂಬ ಲೆಕ್ಕ ಇತ್ತು: 41. ಇಡೀ ಜಗತ್ತಿನಲ್ಲಿ 41!

ಅವತ್ತು ರಾತ್ರಿ ಸಂತೋಷ ತಡೆಯಲಾಗದೆ ಆ ಲಿಂಕನ್ನು ಗೊತ್ತಿದ್ದ ಮೂವತ್ತು ಜನರಿಗೆ ಒಟ್ಟಿಗೆ ಕಳಿಸಿದೆ. "ಕೇಳಲೇಬೇಕು" ಎಂದು ಬರೆದೆ. ನಿನಗೂ ಬಂದಿರಬೇಕು, ನೆನಪಿದೆಯಾ? ಎರಡು ಹೆಬ್ಬೆರಳು ಬಂದವು. ಮರುದಿನ ನೋಡಿದರೆ ಲೆಕ್ಕ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಬೇಜಾರಾಯಿತು. ಆಮೇಲೆ ಯೋಚಿಸಿದೆ, ಅವರಾದರೂ ಯಾಕೆ ಕೇಳಬೇಕು? ದಿನಕ್ಕೆ ಹತ್ತು ಲಿಂಕ್ ಬರುತ್ತವೆ. ಇದನ್ನೇ ಯಾಕೆ, ನನಗೇ ಯಾಕೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಒಬ್ಬರಿಗೆ ಮಾತ್ರ ಬರೆದೆ. ತೀರಾ ನಯವಾದ ರೆಕಾರ್ಡಿಂಗ್ ಕೇಳಿದರೆ ಹಾಡಿದವರು ಎದುರಿಗೆ ಇದ್ದಾರೆ ಅನ್ನಿಸುವುದೇ ಇಲ್ಲ ಎಂದು ಅವರು ಒಂದು ಸಲ ಹೇಳಿದ್ದರು. ಅವರಿಗೆ ಬರೆದೆ: "2 ನಿಮಿಷ 40 ಸೆಕೆಂಡಿನವರೆಗೆ ಕಾಯಿರಿ. ಕುರ್ಚಿ ಸದ್ದು ಬರುತ್ತೆ. ಆಮೇಲೆ ದನಿ ಏನಾಗುತ್ತೆ ನೋಡಿ." ಬೆಳಗಾಗುವಷ್ಟರಲ್ಲಿ ಉದ್ದದ ಉತ್ತರ ಬಂದಿತ್ತು. ಅವರು ಅದನ್ನು ಇನ್ನಿಬ್ಬರಿಗೆ ಕಳಿಸಿದ್ದರು, ಇಬ್ಬರಿಗೂ ಬೇರೆ ಬೇರೆ ಕಾರಣ ಬರೆದು. ಮೂವತ್ತು ಜನರಿಂದ ಆಗದ್ದು ಒಬ್ಬರಿಂದ ಆಯಿತು.

ಇದನ್ನೇ ನಿನಗೆ ಹೇಳಬೇಕು ಅಂದುಕೊಂಡದ್ದು. ಇಂಥ ಸಣ್ಣ ಹಾಡುಗಳು ಕೈಯಿಂದ ಕೈಗೆ ಹೋಗುತ್ತವೆ. ಒಬ್ಬರು ಪೂರ್ತಿ ಕೇಳಿ, ಇದು ಇಂಥವರಿಗೆ ಸೇರಬೇಕು ಎಂದು ನೆನಪಿಟ್ಟುಕೊಂಡು ಕೊಡಬೇಕು. ಸುಮ್ನೆ ಎಸೆದರೆ ಬಿದ್ದಲ್ಲೇ ಇರುತ್ತವೆ.

ಹಾಡು ಕೇಳುವ ಆ್ಯಪ್ ತಾನೇ ಹುಡುಕಿಕೊಡುತ್ತದಲ್ಲ ಅಂತೀಯ. ಕೊಡುತ್ತದೆ, ನಾನೂ ಬಳಸುತ್ತೇನೆ. ಸ್ಪಾಟಿಫೈ 2015ರಿಂದ ವಾರಕ್ಕೊಮ್ಮೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಟ್ಟಿ ಮಾಡಿಕೊಡುತ್ತಿದೆ, ಅದರಲ್ಲಿ ನನಗೆ ಒಳ್ಳೆಯ ಹಾಡುಗಳೂ ಸಿಕ್ಕಿವೆ. ಆದರೆ ಅದು ಕೆಲಸ ಮಾಡುವ ಬಗೆ ನೋಡು. ಈ ಹಾಡು ಕೇಳಿದವರು ಆ ಹಾಡನ್ನೂ ಕೇಳಿದ್ದಾರಾ, ಒಂದೇ ಪಟ್ಟಿಯಲ್ಲಿ ಎರಡನ್ನೂ ಹಾಕಿಕೊಂಡಿದ್ದಾರಾ, ಇಂಥದ್ದನ್ನೇ ಅದು ಹೆಚ್ಚಾಗಿ ನೋಡುವುದು. ಕೇಳಿದವರೇ ಇಲ್ಲದ ಹಾಡಿನ ಬಗ್ಗೆ ಅದಕ್ಕೆ ಏನು ಗೊತ್ತಿರುತ್ತೆ? ಆ ಕ್ಷೇತ್ರದವರು ಇದಕ್ಕೆ ಕೋಲ್ಡ್ ಸ್ಟಾರ್ಟ್ ಅಂತಾರೆ. ತಣ್ಣಗಿನ ಒಲೆಗೆ ಯಾರಾದರೂ ಮೊದಲು ಕಡ್ಡಿ ಗೀರಬೇಕು. ಆ ಮೊದಲ ಕಿವಿ ಮನುಷ್ಯರದ್ದೇ ಆಗಬೇಕು.

ಜಾನ್ ಪೀಲ್ ಹೆಸರು ಕೇಳಿದ್ದೀಯಾ? ಬಿಬಿಸಿ ರೇಡಿಯೊ 1 ಶುರುವಾದ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಹಾಡು ಹಾಕುತ್ತಿದ್ದರು. ಹೆಸರೇ ಕೇಳದ ಬ್ಯಾಂಡ್‌ಗಳು ಕಳಿಸಿದ ಟೇಪು, ರೆಕಾರ್ಡುಗಳನ್ನು ಕೂತು ಕೇಳುತ್ತಿದ್ದರು. 1978ರ ಸೆಪ್ಟೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಡೆರಿ ಊರಿನ ಅಂಡರ್‌ಟೋನ್ಸ್ ಎಂಬ ಹುಡುಗರ ಮೊದಲ ರೆಕಾರ್ಡ್ ಅವರ ಕೈಗೆ ಬಂತು. ಬೆಲ್‌ಫಾಸ್ಟ್‌ನ ಒಂದು ಸಣ್ಣ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಹೊರತಂದದ್ದು. ಪೀಲ್ ಅದನ್ನು ಹಾಕಿದರು. ಹಾಡು ಮುಗಿದ ಕೂಡಲೇ ಅದನ್ನೇ ಇನ್ನೊಂದು ಸಲ ಹಾಕಿದರು. ಎರಡನೇ ಸಲ ಸೂಜಿ ಇಟ್ಟದ್ದೇ ಅವರ ಮಾತು. ಆ ಹುಡುಗರ ಬದುಕು ಅಲ್ಲಿಂದ ಬದಲಾಯಿತು. ನಮ್ಮ ಹತ್ತಿರ ರೇಡಿಯೊ ಇಲ್ಲ, ನಿಜ. ಆದರೆ ಒಂದು ಹಾಡನ್ನು ಎರಡು ಸಲ ಕೇಳಿ ಇನ್ನೊಬ್ಬರ ಮುಂದೆ ಇಡುವುದಕ್ಕೆ ರೇಡಿಯೊ ಬೇಕಾಗಿಲ್ಲ, ಅಲ್ವಾ?

ಇದು ಬೇಗ ಆಗುವ ಕೆಲಸ ಏನಲ್ಲ. ವಷ್ಟಿ ಬನ್ಯನ್ ಎಂಬ ಇಂಗ್ಲಿಷ್ ಗಾಯಕಿ 1970ರಲ್ಲಿ ಒಂದು ಆಲ್ಬಮ್ ಮಾಡಿದರು. ಮಾರಾಟವೇ ಆಗಲಿಲ್ಲ. ಅವರು ಸಂಗೀತ ಬಿಟ್ಟು ಸಂಸಾರ ನೋಡಿಕೊಂಡರು. ಆದರೆ ಅಲ್ಲೊಂದು ಇಲ್ಲೊಂದು ಉಳಿದ ಪ್ರತಿಗಳನ್ನು ಯಾರೋ ಕೇಳುತ್ತಲೇ ಇದ್ದರು, ಇನ್ನೊಬ್ಬರಿಗೆ ಕೇಳಿಸುತ್ತಲೇ ಇದ್ದರು. ಎಷ್ಟೋ ವರ್ಷದ ಮೇಲೆ ಅವರು ಇಂಟರ್‌ನೆಟ್‌ನಲ್ಲಿ ತಮ್ಮ ಹೆಸರು ಹುಡುಕಿದಾಗ ತಮ್ಮ ಆ ಹಳೆಯ ರೆಕಾರ್ಡಿಗಾಗಿ ಜನ ಹುಡುಕಾಡುತ್ತಿರುವುದು ಗೊತ್ತಾಯಿತು. 2000ದಲ್ಲಿ ಅದು ಮತ್ತೆ ಹೊರಬಂತು. 2005ರಲ್ಲಿ ಅವರ ಎರಡನೇ ಆಲ್ಬಮ್ ಬಂತು. ನಡುವೆ 35 ವರ್ಷ! ಅಷ್ಟು ಕಾಲ ಆ ಹಾಡುಗಳನ್ನು ಕಾಪಾಡಿದವರ ಹೆಸರು ಎಲ್ಲೂ ಬರೆದಿಲ್ಲ. ಅವರು ನಮ್ಮಂಥ ಕೇಳುಗರು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ಇನ್ನು ಹುಡುಕುವ ದಾರಿ. ನನ್ನ ಮೊದಲ ದಾರಿ ನಿನಗೆ ಗೊತ್ತಾಯಿತು, ಕ್ರೆಡಿಟ್ಸ್ ಓದುವುದು. ಇನ್ನೊಂದು, ಹಾಡಿದವರೇ ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಸಿಗುತ್ತೆ. ಅಲ್ಲಿ ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಅವರು ಕೊಂಡ ಬೇರೆ ಆಲ್ಬಮ್‌ಗಳೆಲ್ಲ ಕಾಣುತ್ತವೆ. ಯಾರದೋ ಮನೆಗೆ ಹೋದಾಗ ಕಪಾಟಿನ ಮುಂದೆ ನಿಂತುಬಿಡುತ್ತೇವಲ್ಲ, ಹಾಗೆ. ನಿನಗೆ ಪ್ರಾಣವಾದ ಎರಡು ಆಲ್ಬಮ್ ಒಂದೇ ಕಪಾಟಿನಲ್ಲಿ ಕಂಡರೆ ಅಲ್ಲಿಂದ ಬೇಗ ಏಳಬೇಡ. ಸಣ್ಣ ಲೇಬಲ್‌ಗಳೂ ಹೀಗೇ. ಬಹಳಷ್ಟು ಲೇಬಲ್‌ಗಳ ಹಿಂದೆ ಒಬ್ಬರೋ ಇಬ್ಬರೋ ಇರುತ್ತಾರೆ, ಅಲ್ಲಿ ಬರುವುದೆಲ್ಲ ಅವರ ಕಿವಿಗೆ ಹಿಡಿಸಿದ್ದು. ಅವರ ಒಂದು ರೆಕಾರ್ಡ್ ಇಷ್ಟವಾದರೆ ಉಳಿದವನ್ನೂ ಕೇಳು. ಮತ್ತೆ, ಗಿಗ್‌ಗೆ, ಅಂದರೆ ಲೈವ್ ಕಾರ್ಯಕ್ರಮಕ್ಕೆ, ಹೋದರೆ ಮುಖ್ಯ ಕಲಾವಿದರಿಗಿಂತ ಮೊದಲು ಹಾಡುವ ಓಪನಿಂಗ್ ಆಕ್ಟ್ ಶುರುವಾಗುವ ಮೊದಲೇ ಹೋಗು.

ಜನ ತಮ್ಮ ಹಾಡು ಹಾಕುವ ಇನ್ನೊಂದು ತಾಣ ಸೌಂಡ್‌ಕ್ಲೌಡ್, ಅದರ ಒಂದು ಸೌಲಭ್ಯ ನನಗೆ ತುಂಬ ಇಷ್ಟ. ಹಾಡಿನ ಅಲೆಯ ಚಿತ್ರದ ಮೇಲೆ, ಇಂಥದೇ ಸೆಕೆಂಡಿನಲ್ಲಿ ಎಂದು ಕಮೆಂಟ್ ಬರೆಯಬಹುದು. ಗೊತ್ತಿಲ್ಲದ ಯಾರೋ ನಾನು ಬೆಚ್ಚಿದ ಜಾಗದಲ್ಲೇ ಬೆಚ್ಚಿದ್ದಾರೆ ಎಂದು ಕಂಡಾಗ ಆಗುವ ಖುಷಿ ಹೇಳತೀರದು.

ಸಿಕ್ಕಿದ ಕೂಡಲೇ ಹಂಚಬೇಡ. ನಾನು ಮೂರು ಸಲ ಕೇಳುತ್ತೇನೆ. ಮೊದಲ ಸಲ ಸುಮ್ನೆ, ಎರಡನೇ ಸಲ ಹೆಡ್‌ಫೋನ್ ಹಾಕಿ, ಮೂರನೇ ಸಲ ಒಂದು ದಿನ ಬಿಟ್ಟು. ಮೂರನೇ ಸಲಕ್ಕೆ ಬಿದ್ದುಹೋಗುವ ಹಾಡುಗಳೇ ಜಾಸ್ತಿ. ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಪಾಪ, ಯಾರೂ ಕೇಳುತ್ತಿಲ್ಲ ಎಂಬ ಕಾರಣಕ್ಕೆ ಒಂದು ಹಾಡನ್ನು ಹಂಚಬೇಡ. ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡಿದ್ದು, ಅಂದರೆ ಇಂಡಿ, ಆದ ಮಾತ್ರಕ್ಕೆ ಹಾಡು ಚೆನ್ನಾಗಿರಬೇಕಿಲ್ಲ. ಕರುಣೆಯಿಂದ ಕಳಿಸಿದ ಹಾಡನ್ನು ಕೇಳಿದವರು ಮುಂದಿನ ಸಲ ನಿನ್ನ ಮಾತು ನಂಬುವುದಿಲ್ಲ. ಹಾಡಿದವರಿಗೂ ಅದು ಗೌರವವಲ್ಲ.

ದುಡ್ಡಿನ ವಿಷಯ ಬಿಟ್ಟರೆ ಆಗುವುದಿಲ್ಲ. ನಾವು ಸ್ಟ್ರೀಮಿಂಗ್‌ಗೆ ಕಟ್ಟುವ ದುಡ್ಡು ನಾವು ಕೇಳಿದವರಿಗೇ ಹೋಗುತ್ತೆ ಎಂದು ನಾನೂ ಅಂದುಕೊಂಡಿದ್ದೆ. ದೊಡ್ಡ ಸೇವೆಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತೆ, ಒಟ್ಟು ಕೇಳಿದ್ದರಲ್ಲಿ ಯಾರ ಪಾಲು ಎಷ್ಟೋ ಅಷ್ಟು ಅವರಿಗೆ. ಸ್ಪಾಟಿಫೈನಲ್ಲಿ ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಎಂದು ಲೆಕ್ಕ. 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿನ ರೆಕಾರ್ಡಿಂಗ್‌ಗೆ ರಾಯಲ್ಟಿಯೇ ಇಲ್ಲ. ಹನಿ ಹನಿ ಕೂಡಿದರೆ ಹಳ್ಳ ಅಂತೀವಿ. ಇಲ್ಲಿ ಸಾವಿರ ಹನಿ ಕೂಡುವ ತನಕ ಹನಿ ಲೆಕ್ಕಕ್ಕೇ ಇಲ್ಲ. 41 ಸಲ ಕೇಳಿದ ಆ ಕುರ್ಚಿಯ ಹಾಡನ್ನು ಇದರ ಪಕ್ಕದಲ್ಲಿಟ್ಟು ನೋಡು. ನನಗಂತೂ ಇದು ಸರಿ ಅನಿಸುವುದಿಲ್ಲ.

ಅದಕ್ಕೇ ನಿಜವಾಗಿ ಇಷ್ಟವಾದದ್ದನ್ನು ಕೊಳ್ಳುತ್ತೇನೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ 15%, ಟಿ-ಶರ್ಟ್, ಕ್ಯಾಸೆಟ್‌ನಂಥ ಮರ್ಚ್‌ನಲ್ಲಿ 10% ಇಟ್ಟುಕೊಳ್ಳುತ್ತೆ. ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ ಅಥವಾ ಅವರ ಲೇಬಲ್‌ಗೆ. ಕೊರೊನಾದಿಂದ ಗಿಗ್‌ಗಳೆಲ್ಲ ನಿಂತಾಗ, 2020ರ ಮಾರ್ಚ್ 20ರ ಶುಕ್ರವಾರ, ತನ್ನ ಪಾಲನ್ನೂ ಅದು ಬಿಟ್ಟುಕೊಟ್ಟಿತು. ಆಮೇಲೂ ಕೆಲವು ಶುಕ್ರವಾರ ಹಾಗೆ ಮಾಡುತ್ತಾ ಬಂತು. ನಾನು ಕೊಳ್ಳಬೇಕಾದ್ದನ್ನು ಗುರುತು ಹಾಕಿಟ್ಟು ಆ ದಿನಕ್ಕೆ ಕಾಯುತ್ತೇನೆ.

ಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೊಂಡ ಫೈಲ್ ನಿನ್ನ ಹತ್ತಿರ ಇರುತ್ತೆ. ಒಂದು ಕಾಲದಲ್ಲಿ ಬ್ಯಾಂಡ್‌ಗಳು ಹಾಡು ಹಾಕುತ್ತಿದ್ದ ಮೈಸ್ಪೇಸ್ ಎಂಬ ತಾಣ 2019ರಲ್ಲಿ, ಸರ್ವರ್ ಬದಲಾಯಿಸುವಾಗ ಹಳೆಯ ಹಾಡುಗಳು ಹೋಗಿಬಿಟ್ಟವು ಎಂದು ಹೇಳಿತು. 2003ರಿಂದ 2015ರವರೆಗೆ ಜನ ಹಾಕಿದ್ದು, 5 ಕೋಟಿಗೂ ಜಾಸ್ತಿ ಹಾಡು ಎಂದು ಸುದ್ದಿಯಾಯಿತು. ಎಷ್ಟೋ ಬ್ಯಾಂಡ್‌ಗಳ ಮೊದಲ ಡೆಮೊ ಅಲ್ಲೇ ಇತ್ತು. ಆಮೇಲೆ ಹಳೆಯ ವೆಬ್ ಪುಟ, ಫೈಲ್‌ಗಳನ್ನು ಕಾಪಾಡಿಡುವ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸುಮಾರು 4,90,000 ಹಾಡುಗಳು ಮತ್ತೆ ಸಿಕ್ಕವು, ಹಿಂದೆ ಯಾರೋ ಅಧ್ಯಯನಕ್ಕೆಂದು ನಕಲು ಮಾಡಿಟ್ಟಿದ್ದರಿಂದ. ಉಳಿದವು ಅವರವರ ಹಳೆಯ ಡಿಸ್ಕ್‌ನಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೂ ಹೀಗೆ ಒಂದು ಹಾಡು ಕಳೆದುಹೋಗಿದೆ. ಲಿಂಕ್ ಇದೆ, ಒತ್ತಿದರೆ ಪುಟವೇ ಇಲ್ಲ. ರಾಗ ಅರ್ಧ ನೆನಪಿದೆ, ಹಾಡಿದವರ ಹೆಸರು ಮರೆತಿದೆ. ಈಗಲೂ ಒಮ್ಮೊಮ್ಮೆ ಹುಡುಕುತ್ತೇನೆ.

ಆ ಕುರ್ಚಿಯ ಹಾಡಿನವರಿಗೆ ನಾನು ಬರೆದೆ. ಹೊಗಳಿಕೆ ಏನೂ ಬರೆಯಲಿಲ್ಲ, 2 ನಿಮಿಷ 40 ಸೆಕೆಂಡಿನಲ್ಲಿ ನನಗೆ ಏನಾಯಿತು ಎಂದಷ್ಟೇ ಬರೆದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದಂತೆ. ಮಿಕ್ಸ್ ಮಾಡುವಾಗ ಆ ಸದ್ದು ತೆಗೆಯಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದರಂತೆ. ತೆಗೆದು ಕೇಳಿದರೆ ಮುಂದಿನ ಸಾಲು ಯಾಕೆ ಹಾಗೆ ಹಾಡಿದೆ ಎಂಬುದೇ ತಿಳಿಯುತ್ತಿರಲಿಲ್ಲವಂತೆ, ಅದಕ್ಕೇ ಬಿಟ್ಟರಂತೆ. ಅದನ್ನು ಯಾರಾದರೂ ಗಮನಿಸುತ್ತಾರೆ ಎಂದು ಅವರು ಅಂದುಕೊಂಡಿರಲಿಲ್ಲ. ಈಗ ಐದನೇ ಹಾಡು ಬರೆಯುತ್ತಿದ್ದಾರಂತೆ.

ಆ ಇಪಿಯನ್ನು ನಿನ್ನ ಹೆಸರಿಗೆ ಉಡುಗೊರೆಯಾಗಿ ಕೊಂಡಿದ್ದೇನೆ, ಮೇಲ್ ಬಂದಿರುತ್ತೆ ನೋಡು. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡ, ಆ ಸದ್ದು ಅದರಲ್ಲಿ ಸಿಗುವುದಿಲ್ಲ. ಮೂರನೇ ಹಾಡು, ಹೆಡ್‌ಫೋನ್ ಹಾಕಿಕೊಂಡು, ಕೊನೆಯವರೆಗೂ. ನನಗೆ ಕುರ್ಚಿ ಕೇಳಿಸಿತು, ನಿನಗೆ ಬೇರೆ ಏನೋ ಕೇಳಿಸಬಹುದು. ಏನು ಕೇಳಿಸಿತು ಎಂದು ಒಂದೆರಡು ಸಾಲು ಬರೆ. ನೀನು ಒಪ್ಪಿದರೆ ಅದನ್ನು ಅವರಿಗೆ ಕಳಿಸುತ್ತೇನೆ.

ನಿನ್ನ ಗೆಳೆಯ