ಚಾವಿ ಕಳೆದ ಕಾರಿಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಲು ಹೊರಟ ಅಂದಾಜು ಪಟ್ಟಿಯ ಬಗ್ಗೆ ದೂರು

ಇವರಿಂದ:
ಕಾರಿನ ಮಾಲೀಕರು ಹಾಗೂ ಅವರ ಪರವಾಗಿ ಕಾರಿನ ವೈರಿಂಗ್ ಕೆಲಸ ನೋಡುವ ಆಟೊ ಎಲೆಕ್ಟ್ರಿಷಿಯನ್,
ಚಿತ್ರದುರ್ಗ

ಇವರಿಗೆ:
ಸರ್ವೀಸ್ ವಿಭಾಗದ ಮುಖ್ಯಸ್ಥರು,
ಅಧಿಕೃತ ಕಾರು ಮಾರಾಟ ಮತ್ತು ಸರ್ವೀಸ್ ಕೇಂದ್ರ,
ದಾವಣಗೆರೆ

ಪ್ರತಿ: ಕಂಪನಿಯ ಗ್ರಾಹಕ ಸೇವಾ ವಿಭಾಗ

ವಿಷಯ: ಒಂದೇ ಚಾವಿ ಕೊಟ್ಟು ಮಾರಿದ ಕಾರಿಗೆ, ಆ ಚಾವಿ ಕಳೆದ ಮೇಲೆ, 53,000 ರೂಪಾಯಿಯ ಅನಗತ್ಯ ರಿಪೇರಿ ಅಂದಾಜು ಕೊಟ್ಟಿರುವುದು.

ಮಾನ್ಯರೇ,

ಕೆಎ-16 ನೋಂದಣಿಯ ಈ ಪೆಟ್ರೋಲ್ ಕಾರನ್ನು ನಿಮ್ಮದೇ ಹಳೇ ಕಾರು ವಿಭಾಗ ಮಾರಿದೆ. ಇದ್ದ ಒಂದೇ ಚಾವಿ ಚಿತ್ರದುರ್ಗದ ಕೋಟೆ ಮೇಲೆ ಬಿದ್ದುಹೋಗಿದೆ, ಹುಡುಕಿದರೂ ಸಿಕ್ಕಿಲ್ಲ. ಕಾರು ಚಿತ್ರದುರ್ಗದಲ್ಲೇ ನಿಂತಿದೆ: ನಾಲ್ಕೂ ಬಾಗಿಲು ಲಾಕ್, ಸ್ಟೇರಿಂಗ್ ಲಾಕ್, ಮುಂದಿನ ಗಾಲಿಗಳು ಎಡಕ್ಕೆ ತಿರುಗಿವೆ. ಕಾರಿನ ನಂಬರ್, ಚಾಸಿ ನಂಬರ್ ಲಗತ್ತಿಸಿದ ಆರ್‌ಸಿ ನಕಲಿನಲ್ಲಿವೆ.

ಬೇರೆ ಚಾವಿ ಯಾಕಿಲ್ಲ ಎಂಬುದನ್ನು ಮೊದಲು ಹೇಳುತ್ತೇವೆ. ಫೋನ್ ಎತ್ತಿದ ನಿಮ್ಮ ಸಿಬ್ಬಂದಿ ಪ್ರತಿ ಸಲ ಕೇಳಿದ್ದು ಅದನ್ನೇ, ಅದೂ ತಪ್ಪೆಲ್ಲ ನಮ್ಮದೇ ಎನ್ನುವ ಧಾಟಿಯಲ್ಲಿ. ನಿಮ್ಮ ಡೆಲಿವರಿ ನೋಟ್ ತೆಗೆದು ನೋಡಿ. ಟೂಲ್ ಕಿಟ್, ಸ್ಟೆಪ್ನಿ, ಜಾಕ್ ಸಾಲುಗಳ ಕೆಳಗೆ ‘ಚಾವಿ’ ಎಂಬ ಸಾಲಿನಲ್ಲಿ ‘2’ ಎಂದು ಪ್ರಿಂಟ್ ಆಗಿದೆ. ಅದರ ಪಕ್ಕ ನೀಲಿ ಪೆನ್ನಿನಲ್ಲಿ ‘1 ಬಾಕಿ’ ಎಂದು ಬರೆದು ನಿಮ್ಮ ಸೇಲ್ಸ್‌ನವರೇ ಚಿಕ್ಕ ಸಹಿ ಹಾಕಿದ್ದಾರೆ. ಆ ಬಾಕಿ ಚಾವಿ ಇವತ್ತಿಗೂ ಬಂದಿಲ್ಲ. ಹೊಸ ಕಾರಿನ ಜೊತೆ ಬರುವ, ಚಾವಿಯ ಕೋಡ್ ಕೊರೆದ ಬಿಲ್ಲೆಯೂ ಬಂದಿಲ್ಲ. ಆ ಬಿಲ್ಲೆ ಒಂದಿದ್ದಿದ್ದರೆ ಈ ಪತ್ರದ ಅರ್ಧ ಭಾಗ ಬರೆಯುವ ಕೆಲಸವೇ ಇರಲಿಲ್ಲ.

ಈಗ ಅಂದಾಜು ಪಟ್ಟಿಗೆ ಬರೋಣ. ಇಸಿಯು 24,600, ಪೂರ್ತಿ ಲಾಕ್ ಸೆಟ್ 9,850, ಇಮ್ಮೊಬಿಲೈಸರ್ (ಗುರುತಿಲ್ಲದ ಚಾವಿಗೆ ಎಂಜಿನ್ ಹತ್ತದಂತೆ ತಡೆಯುವ) ಯೂನಿಟ್ 6,400, ದಾವಣಗೆರೆಗೆ ಟೋಯಿಂಗ್ 7,500, ಲೇಬರ್ 4,000, ಕನ್ಸ್ಯೂಮಬಲ್ಸ್ 650. ಒಟ್ಟು 53,000 ರೂಪಾಯಿ. ಚಾವಿ ಮಾಡಲು ಯಾವ ಗ್ರೀಸು, ಯಾವ ಕಾಟನ್ ವೇಸ್ಟು 650 ರೂಪಾಯಿಯಷ್ಟು ಖರ್ಚಾಗುತ್ತದೋ ನೀವೇ ಹೇಳಬೇಕು. ಅದಿರಲಿ. ನಮ್ಮ ತಕರಾರು ಮೊದಲ ನಾಲ್ಕು ಸಾಲುಗಳ ಮೇಲೆ.

ಈ ಕಾರಿನ ಚಾವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ವಸ್ತುಗಳಿವೆ. ಬೀಗ ತಿರುಗಿಸುವ ಉಕ್ಕಿನ ಬ್ಲೇಡು ಒಂದು. ಪ್ಲಾಸ್ಟಿಕ್ ತಲೆಯೊಳಗಿನ ಟ್ರಾನ್ಸ್‌ಪಾಂಡರ್ ಚಿಪ್ ಇನ್ನೊಂದು. ಇದಕ್ಕೆ ಸೆಲ್ ಬೇಡ. ಇಗ್ನಿಷನ್ ಬೀಗದ ಸುತ್ತ ಇರುವ ಕಾಯಿಲ್ ಹೊಮ್ಮಿಸುವ ತರಂಗದಿಂದಲೇ ಚಿಪ್ ಜೀವ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಸರಿಹೋದರೆ ಮಾತ್ರ ಇಸಿಯು ಎಂಜಿನ್ ಓಡಲು ಬಿಡುತ್ತದೆ. ಮೂರನೆಯದು ಬಾಗಿಲು ಲಾಕ್ ಮಾಡುವ ರಿಮೋಟ್, ಬಟನ್ ಸೆಲ್‌ನಿಂದ ಓಡುವುದು. ಬ್ಲೇಡು ತಪ್ಪಾದರೆ ಬೀಗ ತಿರುಗುವುದಿಲ್ಲ. ಚಿಪ್ ಗುರುತಾಗದಿದ್ದರೆ ಬೀಗ ತಿರುಗಿ, ಡ್ಯಾಶ್‌ಬೋರ್ಡಿನ ಚಾವಿ ಚಿತ್ರದ ದೀಪ ಮಿಣುಕುತ್ತ, ಎಂಜಿನ್ ಹತ್ತಿದ ಹಾಗೆ ಮಾಡಿ ನಿಲ್ಲುತ್ತದೆ ಅಥವಾ ಹತ್ತುವುದೇ ಇಲ್ಲ. ರಿಮೋಟ್ ಸೇರಿಸದಿದ್ದರೆ ಬಟನ್ ಒತ್ತಿದರೆ ಬಾಗಿಲು ತೆಗೆಯುವುದಿಲ್ಲ, ಅಷ್ಟೇ, ಕಾರು ಓಡುತ್ತದೆ. ಈ ಮೂರನ್ನೂ ಒಂದೇ ಗಂಟು ಕಟ್ಟಿ ‘ಸಿಸ್ಟಮ್ ಪೂರ್ತಿ ಚೇಂಜ್ ಮಾಡ್ಬೇಕು ಸಾರ್’ ಎಂದದ್ದು ನಿಮ್ಮ ಸರ್ವೀಸ್ ಅಡ್ವೈಸರ್.

ಪೂರ್ತಿ ಬದಲಿಸಬೇಕಿಲ್ಲ. ಕಳೆದಿರುವುದು ಚಾವಿ, ಕೆಟ್ಟಿರುವುದು ಇಸಿಯು ಅಲ್ಲ. ಇಸಿಯುವಿನ ನೆನಪಿನಲ್ಲಿ ಹಳೆಯ ಚಾವಿಯ ಗುರುತಿದೆ. ಅದನ್ನು ಅಳಿಸಿ ಹೊಸದನ್ನು ಬರೆಯುವ ದಾರಿಯನ್ನು ಕಂಪನಿಯೇ ಇಟ್ಟಿದೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಪೋರ್ಟಿಗೆ (ಕಾರಿನ ದೋಷ ಓದುವ ಸಾಕೆಟ್ಟಿಗೆ) ನಿಮ್ಮ ಸ್ಕ್ಯಾನರ್ ಹಾಕಿ, ಚಾಸಿ ನಂಬರಿನ ಮೇಲೆ ಕಂಪನಿಯಿಂದ ತರಿಸಿದ ಸೆಕ್ಯುರಿಟಿ ಪಿನ್ ಕೊಟ್ಟು, ಇರುವ ಚಾವಿಗಳನ್ನೆಲ್ಲ ಅಳಿಸಿ, ಹೊಸ ಚಾವಿಗಳನ್ನು ಒಂದೊಂದಾಗಿ ಇಗ್ನಿಷನ್‌ಗೆ ಹಾಕಿ ಕಲಿಸುವುದು. ಕೊನೆಗೆ ಎಷ್ಟು ಚಾವಿ ದಾಖಲಾಗಿವೆ ಎಂಬ ಸಂಖ್ಯೆ ಸ್ಕ್ಯಾನರ್ ಪರದೆಯಲ್ಲೇ ಬರುತ್ತದೆ. ಬ್ಲೇಡು ಕೊರೆದು ಸಿದ್ಧವಿದ್ದರೆ ಇಷ್ಟಕ್ಕೆ ಅರ್ಧ ಗಂಟೆ, ತಡವೆಂದರೆ ಒಂದು ಗಂಟೆಯ ಕೆಲಸ.

ಇಸಿಯು ಬದಲಿಸಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಹಳೆಯ ಕೆಲವು ವಿನ್ಯಾಸಗಳಲ್ಲಿ ಮಾಸ್ಟರ್ ಚಾವಿ ಕೈಯಲ್ಲಿಲ್ಲದೆ ಹೊಸದನ್ನು ಸೇರಿಸಲು ಬರುತ್ತಿರಲಿಲ್ಲ. ಬ್ಯಾಟರಿ ಇಳಿದಿದ್ದಾಗ ಪ್ರೋಗ್ರಾಮಿಂಗ್ ಶುರುಮಾಡಿ, ನಡುವೆ ಕರೆಂಟ್ ಕುಸಿದು ಇಸಿಯು ಸತ್ತ ಪ್ರಕರಣಗಳೂ ಇವೆ. ಯಾರೋ ವೈರ್ ಕತ್ತರಿಸಿ ನೇರ ಸ್ಟಾರ್ಟ್ ಮಾಡಲು ಹೋಗಿ ಸುಟ್ಟದ್ದೂ ಉಂಟು. ಈ ಕಾರಿಗೆ ಇದ್ಯಾವುದೂ ಆಗಿಲ್ಲ. ನಿಮ್ಮವರು ಕಾರನ್ನು ಕಣ್ಣಿನಿಂದ ನೋಡಿಯೂ ಇಲ್ಲ, ಸ್ಕ್ಯಾನರ್ ಹಾಕಿಯೂ ಇಲ್ಲ. ನೋಡದೆ ಇಸಿಯು ಹೋಗಿದೆ ಎಂದದ್ದು ಯಾವ ಪರೀಕ್ಷೆಯ ಮೇಲೆ? ಇನ್ನೊಂದು ಮಾತು: ಹೊಸ ಇಸಿಯು ತಂದರೂ ಅದನ್ನು ಇಮ್ಮೊಬಿಲೈಸರ್ ಜೊತೆ ಹೊಂದಿಸಲು ಇದೇ ಸ್ಕ್ಯಾನರ್, ಇದೇ ಬಗೆಯ ಕೋಡಿಂಗ್ ಬೇಕೇ ಬೇಕು. ಅಂದರೆ 31,000 ರೂಪಾಯಿಯ ಎರಡು ಬಿಡಿಭಾಗ ಹಾಕಿಸಿಕೊಂಡ ಮೇಲೂ ಮಾಡಬೇಕಾದ ಕೆಲಸ ಅಲ್ಲೇ ಉಳಿಯುತ್ತದೆ.

ಲಾಕ್ ಸೆಟ್ ವಿಷಯ ಸ್ವಲ್ಪ ಬೇರೆ. ಅದು ಬೇಕೋ ಬೇಡವೋ ಎಂಬುದು ಮಾಲೀಕರು ತೀರ್ಮಾನಿಸಬೇಕಾದ ಸಂಗತಿ. ಚಾವಿ ಕಳ್ಳತನವಾಗಿದ್ದರೆ, ಅದರ ಜೊತೆ ಆರ್‌ಸಿಯೋ ಮನೆ ವಿಳಾಸವೋ ಹೋಗಿದ್ದರೆ, ಇಗ್ನಿಷನ್, ಬಾಗಿಲು, ಡಿಕ್ಕಿ ಬೀಗ ಬದಲಿಸುವುದೇ ಸರಿ. ಯಾಕೆಂದರೆ ಚಿಪ್ ಅಳಿಸಿದ ಮೇಲೂ ಹಳೆಯ ಬ್ಲೇಡು ಬಾಗಿಲು ತೆಗೆಯುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಇಲ್ಲಿ ಬರೀ ಚಾವಿ, ಹೆಸರಿಲ್ಲದ ಕೀಚೈನ್, ಕೋಟೆಯ ಬಂಡೆಗಳ ಸಂದಿಯಲ್ಲೆಲ್ಲೋ ಬಿದ್ದಿದೆ. ಆ ಮಟ್ಟಿಗಿನ ಅಪಾಯ ಮಾಲೀಕರಿಗೆ ಒಪ್ಪಿಗೆ. ಇಗ್ನಿಷನ್ ಬೀಗ ಬಿಚ್ಚುವುದೆಂದರೆ ಸ್ಟೇರಿಂಗ್ ಕಾಲಮ್ಮಿನ ತಲೆ ಮುರಿದ ಬೋಲ್ಟುಗಳನ್ನು ಡ್ರಿಲ್ ಹಾಕಿ ತೆಗೆಯುವುದು. ಸುಮ್ಮನಿರುವ ಕಾಲಮ್ಮಿಗೆ ಡ್ರಿಲ್ ಹಾಕಿಸುವ ಆಸೆ ನಮಗಿಲ್ಲ.

ಇನ್ನು ಟೋಯಿಂಗ್. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಕಾರಿನ ಮುಂದಿನ ಗಾಲಿಗಳಿಗೇ ಎಂಜಿನ್ ಬಲ, ಅವೇ ತಿರುಗಿ ಲಾಕ್ ಆಗಿವೆ, ಗೇರ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ. ಇದನ್ನು ಫ್ಲಾಟ್‌ಬೆಡ್ಡಿಗೆ ಹತ್ತಿಸಬೇಕೆಂದರೆ ಗಾಲಿ ಉಜ್ಜದೆ ಸರಿಯುವಂತೆ ಕೆಳಗೆ ಸ್ಕೇಟ್ ಕೊಡಬೇಕು. ಕೊಡದೆ ವಿಂಚ್ ಹಾಕಿ ಎಳೆದರೆ ಟೈರ್ ಉಜ್ಜುತ್ತದೆ, ಲೋಯರ್ ಆರ್ಮ್ ಮೇಲೆ ಭಾರ ಬೀಳುತ್ತದೆ, ಬಂಪರ್ ಕ್ಲಿಪ್ ಮುರಿಯುತ್ತದೆ. ಅದರ ಬದಲು ಒಬ್ಬ ಟೆಕ್ನಿಷಿಯನ್ ಸ್ಕ್ಯಾನರ್ ಮತ್ತು ಲ್ಯಾಪ್‌ಟಾಪ್ ಹಿಡಿದು ಬಸ್ಸಿನಲ್ಲಿ ಬಂದರೂ ಸಾಕು. ಕಾರನ್ನು ಸ್ಕ್ಯಾನರ್ ಹತ್ತಿರ ಒಯ್ಯುವುದಕ್ಕಿಂತ ಸ್ಕ್ಯಾನರನ್ನು ಕಾರಿನ ಹತ್ತಿರ ತರುವುದು ಸುಲಭ ಎಂದು ನಿಮಗೆ ನಾವು ಹೇಳಿಕೊಡಬೇಕೇ? ಇಷ್ಟಾಗಿ ಈ ಕಾರಿಗೆ ರೋಡ್‌ಸೈಡ್ ಅಸಿಸ್ಟೆನ್ಸ್ ಹಣವನ್ನೂ ನೀವೇ ಕಟ್ಟಿಸಿಕೊಂಡಿದ್ದೀರಿ. ಅದರ ಕರಪತ್ರದಲ್ಲಿ ‘ಚಾವಿ ಕಳೆದಲ್ಲಿ ನೆರವು’ ಎಂಬ ಸಾಲಿದೆ. ಆ ನಂಬರಿಗೆ ಫೋನ್ ಮಾಡಿದರೆ ಸಿಕ್ಕ ಸಲಹೆ: ಲೋಕಲ್‌ನವರ ಹತ್ತಿರ ಸ್ಕೇಲ್ ಹಾಕಿಸಿ ಬಾಗಿಲು ತೆಗೆಸಿ.

ಈ ಸಲಹೆ ಅಪಾಯದ್ದು. ಗ್ಲಾಸಿನ ಸಂದಿಯಲ್ಲಿ ಸ್ಟೀಲ್ ಸ್ಕೇಲ್ ತೂರಿಸಿದರೆ ಬೀಡಿಂಗ್ ಹರಿಯುತ್ತದೆ, ಒಳಗಿನ ಲಾಕ್ ರಾಡ್ ಬಾಗುತ್ತದೆ, ಪವರ್ ವಿಂಡೋ ವೈರ್ ಸಿಕ್ಕರೆ ಅದೂ ಹೋಯಿತು. ಹಾಗೆ ಬಾಗಿಲು ತೆಗೆದರೂ ಕಾರು ಸ್ಟಾರ್ಟ್ ಆಗದು. ಸರಿಯಾದ ಕ್ರಮ ಹೀಗೆ: ಚಾಸಿ ನಂಬರ್ ಮೇಲೆ ಕಂಪನಿಯ ದಾಖಲೆಯಿಂದ ಚಾವಿ ಕೋಡ್ ತೆಗೆದು ಮೊದಲು ಬ್ಲೇಡು ಕೊರೆಯಬೇಕು. ಆ ಬ್ಲೇಡಿನಿಂದ ಬಾಗಿಲು ತೆಗೆದರೆ ಬಾನೆಟ್ ಎಳೆಯುವ ಲಿವರ್ ಕೈಗೆ ಸಿಗುತ್ತದೆ, ಬಾನೆಟ್ ತೆಗೆದರೆ ಬ್ಯಾಟರಿ ಸಿಗುತ್ತದೆ. ನಿಂತ ಕಾರಿನ ಬ್ಯಾಟರಿ ಇಳಿದಿರುವುದು ಸಹಜ, ಆದ್ದರಿಂದ ವೋಲ್ಟೇಜ್ ನೋಡಿ, ಚಾರ್ಜರ್ ಅಥವಾ ಇನ್ನೊಂದು ಬ್ಯಾಟರಿ ಜೋಡಿಸಿಕೊಂಡೇ ಪ್ರೋಗ್ರಾಮಿಂಗಿಗೆ ಕೈಹಾಕಬೇಕು. ಎಸಿ, ಲೈಟು, ಮ್ಯೂಸಿಕ್ ಸಿಸ್ಟಮ್ ಆಫ್ ಇರಬೇಕು. ಪಿನ್ ಒಂದೇ ಸಲಕ್ಕೆ ಸರಿಯಾಗಿ ಹೊಡೆಯಬೇಕು. ತಪ್ಪು ಪಿನ್ ಮತ್ತೆ ಮತ್ತೆ ಹೊಡೆದರೆ ಸಿಸ್ಟಮ್ ತಾನೇ ಬಾಗಿಲು ಹಾಕಿಕೊಂಡು ಕಾಯಿಸುತ್ತದೆ. ಎರಡು ಚಾವಿ ಬೇಕಿದ್ದರೆ ಎರಡನ್ನೂ ಒಂದೇ ಸಲ ಕಲಿಸಬೇಕು. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ತಿಂಗಳು ಎಂದರೆ ಎರಡು ಸಲ ಲೇಬರ್ ಬಿಲ್ ಆಗುತ್ತದೆ.

ನಮ್ಮೂರಿನಲ್ಲೇ ಬ್ಲೇಡು ಕೊರೆಯುವವರಿದ್ದಾರೆ, ಚಿಪ್ ಸೇರಿಸಬಲ್ಲವರೂ ಇದ್ದಾರೆ. ಅವರಿಗೆ ಬೇಕಿದ್ದದ್ದು ಕೋಡ್ ಮತ್ತು ಪಿನ್. ಪಿನ್ ಸಿಕ್ಕವರಿಗೆಲ್ಲ ಕೊಡುವಂಥದ್ದಲ್ಲ, ಕಳ್ಳರ ಕೈಗೆ ಹೋದರೆ ಕಷ್ಟ ಎಂಬುದನ್ನು ನಾವು ಬಲ್ಲೆವು, ಒಪ್ಪುತ್ತೇವೆ. ಆದರೆ ಆರ್‌ಸಿ, ಆಧಾರ್, ಇನ್ಶೂರೆನ್ಸ್ ಪ್ರತಿ, ಪೊಲೀಸ್ ಸ್ವೀಕೃತಿ ಎಲ್ಲ ಕೊಟ್ಟ ಮಾಲೀಕರಿಗೂ ಕೊಡುವುದಿಲ್ಲ, ನೀವೂ ಬರುವುದಿಲ್ಲ ಎಂದರೆ ಅದು ಭದ್ರತೆಯಲ್ಲ, ಗಿರಾಕಿಯನ್ನು ಕಟ್ಟಿಹಾಕುವುದು. ಬಿಡಿಭಾಗ ಮತ್ತು ಡಯಾಗ್ನೋಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಇಟ್ಟದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಅದರ ಮೇಲೆ ಮೇಲ್ಮನವಿ ನಡೆದದ್ದೂ ಗೊತ್ತು. ಆದರೂ ಆಯೋಗ ಎತ್ತಿದ ಪ್ರಶ್ನೆ ನಿಮ್ಮ ಕೌಂಟರಿನಲ್ಲಿ ಇನ್ನೂ ಹಾಗೇ ಇದೆ.

ಕಾಗದಪತ್ರದ ಬಗ್ಗೆಯೂ ಒಂದು ಮಾತು. ನಿಮ್ಮವರು ಮೊದಲು ಆರ್‌ಸಿ ಸಾಕೆಂದರು, ಆಮೇಲೆ ಅರ್ಜಿ ಎಂದರು, ಆಮೇಲೆ ಎಫ್‌ಐಆರ್ ಇಲ್ಲದೆ ಆಗುವುದಿಲ್ಲ ಎಂದರು. ಕಳೆದುಹೋದ ವಸ್ತುವಿಗೆ ಎಫ್‌ಐಆರ್ ಆಗುವುದಿಲ್ಲ, ಅದು ಕಳ್ಳತನಕ್ಕೆ. ಕಳೆದದ್ದಕ್ಕೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸ್ವೀಕೃತಿ ಇದೆ, ಅದನ್ನು ಲಗತ್ತಿಸಿದ್ದೇವೆ. ಏನೇನು ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೌಂಟರಿಗೆ ಅಂಟಿಸಿದರೆ ಚಳ್ಳಕೆರೆ, ಹೊಸದುರ್ಗದಿಂದ ಬರುವವರಾದರೂ ಬದುಕಿಕೊಳ್ಳುತ್ತಾರೆ. ‘ಪಿನ್ ತರಿಸಲು’ ಎಂದು ಪಡೆದ 5,000 ರೂಪಾಯಿಯ ರಸೀದಿಯಲ್ಲಿ ‘ಬಿಡಿಭಾಗ ಮುಂಗಡ’ ಎಂದು ಮಾತ್ರ ಇದೆ. ಯಾವ ಬಿಡಿಭಾಗ, ಎಷ್ಟು ತೆರಿಗೆ, ಒಂದೂ ಇಲ್ಲ.

ನಾವು ಕೇಳುವುದು ಇಷ್ಟು. 53,000 ರೂಪಾಯಿಯ ಅಂದಾಜನ್ನು ರದ್ದು ಮಾಡಿ. ಟೆಕ್ನಿಷಿಯನ್ನನ್ನು ಚಿತ್ರದುರ್ಗಕ್ಕೆ ಕಳಿಸಿ, ಕೋಡ್ ಪ್ರಕಾರ ಕೊರೆದ ಎರಡು ಚಾವಿಗಳನ್ನು ಕಲಿಸಿಕೊಡಿ, ಹಳೆಯದನ್ನು ಅಳಿಸಿದ್ದು ಮತ್ತು ದಾಖಲಾದ ಚಾವಿ ಎರಡೇ ಎಂದು ತೋರಿಸುವ ಪರದೆಯ ಫೋಟೊ ಜಾಬ್ ಕಾರ್ಡ್‌ಗೆ ಲಗತ್ತಿಸಿ. ಎರಡರಲ್ಲಿ ಒಂದು ಚಾವಿ ನಿಮ್ಮ ಡೆಲಿವರಿ ನೋಟಿನ ಬಾಕಿ. ಅದಕ್ಕೆ ಹಣ ಕೊಡುವುದಿಲ್ಲ. ಇನ್ನೊಂದಕ್ಕೆ ಚಾವಿಯ ಎಂಆರ್‌ಪಿ, ಪ್ರೋಗ್ರಾಮಿಂಗ್ ಲೇಬರ್, ಜಿಎಸ್‌ಟಿ ಬೇರೆ ಬೇರೆ ತೋರಿಸಿದ ಬಿಲ್ ಕೊಡಿ, ಮುಂಗಡದ 5,000 ಅದರಲ್ಲಿ ಕಳೆಯಿರಿ. ಚಾವಿ ಕೋಡ್ ಬರೆದ ಬಿಲ್ಲೆ ಅಥವಾ ಲೆಟರ್‌ಹೆಡ್ಡಿನಲ್ಲಿ ಆ ಕೋಡ್ ಮಾಲೀಕರ ಕೈಗೆ ಬರಬೇಕು. ಎರಡನೇ ಚಾವಿಯ ಹಟ ಯಾಕೆಂದರೆ, ನಾಳೆ ಕಾರೇ ಕಳುವಾದರೆ ಇನ್ಶೂರೆನ್ಸ್‌ನವರು ಕ್ಲೇಮಿಗೆ ಮೊದಲು ಕೇಳುವುದೇ ‘ಎರಡೂ ಚಾವಿ ತನ್ನಿ’ ಎಂದು. ಆಗ ನಿಮ್ಮ ‘1 ಬಾಕಿ’ ಚೀಟಿ ತೋರಿಸಿದರೆ ಅವರು ಕೇಳುವುದಿಲ್ಲ.

ಸ್ಕ್ಯಾನರ್ ಹಾಕಿ ನೋಡಿದ ಮೇಲೆ ಇಸಿಯು ನಿಜವಾಗಿಯೂ ಹೋಗಿದೆ ಎಂದು ಕಂಡುಬಂದರೆ, ಫಾಲ್ಟ್ ಕೋಡ್ ಸಮೇತ ಬರೆದುಕೊಡಿ, ಮಾತಾಡೋಣ.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೂರುದಾರರು ವಾಸವಿರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಹಾಗಾಗಿ ನಾವು ದಾವಣಗೆರೆಗೆ ಬರಬೇಕಿಲ್ಲ, ಚಿತ್ರದುರ್ಗಕ್ಕೆ ನೀವು ಬರಬೇಕಾಗುತ್ತದೆ. ಬರುವುದೇ ಆದರೆ ಸ್ಕ್ಯಾನರ್ ಹಿಡಿದು ಈಗಲೇ ಬನ್ನಿ.

ಡೆಲಿವರಿ ನೋಟ್, ಅಂದಾಜು ಪಟ್ಟಿ, ಮುಂಗಡ ರಸೀದಿ, ಆರ್‌ಸಿ, ಇ-ಲಾಸ್ಟ್ ಸ್ವೀಕೃತಿ ಮತ್ತು ರೋಡ್‌ಸೈಡ್ ಅಸಿಸ್ಟೆನ್ಸ್ ಕರಪತ್ರದ ನಕಲುಗಳನ್ನು ಇದರೊಂದಿಗೆ ಇಟ್ಟಿದ್ದೇವೆ.

ಇಂತಿ,
ಕಾರಿನ ಮಾಲೀಕರು (ಸಹಿ)
ಆಟೊ ಎಲೆಕ್ಟ್ರಿಷಿಯನ್ (ಸಹಿ)
ಚಿತ್ರದುರ್ಗ